ಅನ್ನದ ಅಣು ಮತ್ತು ಪ್ರಾಣಿಗಳ ಮನೋಧರ್ಮ: ಟ್ರಿಪ್ಟೊಫ್ಯಾನ್ ಕುರಿತು ಒಂದು ಅಧ್ಯಯನ

ಹಸಿದ ಹೊಟ್ಟೆಗೆ ಸಿಟ್ಟು ಬಲು ಬೇಗ ಏರುತ್ತದೆಂಬುದು ಒಕ್ಕಲುತನ ಬಲ್ಲ ಯಾವ ಊರಿನಲ್ಲಿಯೂ ಹೊಸ ಮಾತಲ್ಲ. ಮೇವು ಸಾಲದ ಎತ್ತು ಹಾಯಲು ಬರುತ್ತದೆ. ಹಸಿದ ನಾಯಿ ಒಡೆಯನ ಕೈಯನ್ನೂ ಶಂಕಿಸುತ್ತದೆ. ಊಟ ತಪ್ಪಿದ ಮಗು ಸಣ್ಣ ಗಾಯಕ್ಕೂ ದೊಡ್ಡ ದನಿಯಲ್ಲಿ ಅಳುತ್ತದೆ. ಇವೆಲ್ಲವೂ ಆಹಾರದ ಪ್ರಮಾಣಕ್ಕೆ ಸಂಬಂಧಿಸಿದ ಸಂಗತಿಗಳು. ಆದರೆ ಹೊಟ್ಟೆ ತುಂಬಿದ ಮೇಲೆಯೂ, ಆ ಆಹಾರದಲ್ಲಿ ಯಾವುದೋ ಒಂದು ಸೂಕ್ಷ್ಮ ಅಂಶದ ಕೊರತೆಯಿದ್ದ ಮಾತ್ರಕ್ಕೆ, ನೋವು ಹೆಚ್ಚು ತೀಕ್ಷ್ಣವಾಗಿ ತಾಗಬಹುದೇ? ಶಾಂತವಾಗಿದ್ದ ಪ್ರಾಣಿಯು ಕಾದಾಟಕ್ಕೆ ಇಳಿಯಬಹುದೇ? ಈ ಪ್ರಶ್ನೆಗೆ ಉತ್ತರವನ್ನು ಅರಸುತ್ತ ವಿಜ್ಞಾನಿಗಳು ಇಪ್ಪತ್ತನೆಯ ಶತಮಾನದುದ್ದಕ್ಕೂ ನಡೆಸಿದ ಶೋಧನೆಯ ಕೇಂದ್ರದಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲವಿದೆ. ಅನ್ನವನ್ನು ನೀಡುವವರಿಗೂ ಮಕ್ಕಳನ್ನು ತಿದ್ದುವವರಿಗೂ ಈ ವಿಷಯವು ಸಮಾನವಾಗಿ ಪ್ರಯೋಜನಕಾರಿಯಾದುದರಿಂದ ಅದರ ವಿವೇಚನೆ ಇಲ್ಲಿ ಉಚಿತವೆನಿಸುತ್ತದೆ.

೧. ಸೋತ ಪಾಠದಿಂದ ಗೆದ್ದ ಶೋಧ

ಪ್ರಾಣಿದೇಹದ ಪ್ರೋಟೀನುಗಳೆಲ್ಲವೂ ಇಪ್ಪತ್ತು ಬಗೆಯ ಅಮೈನೋ ಆಮ್ಲಗಳಿಂದ ಕಟ್ಟಲ್ಪಟ್ಟವು. ಅಕ್ಷರಗಳಿಂದ ಪದಗಳು ಆಗುವಂತೆ ಇವುಗಳ ಜೋಡಣೆಯಿಂದ ಸ್ನಾಯು, ಚರ್ಮ, ರಕ್ತ, ಕಿಣ್ವ ಮುಂತಾದುವು ರೂಪುಗೊಳ್ಳುತ್ತವೆ. ಇವುಗಳಲ್ಲಿ ಒಂಬತ್ತನ್ನು ಮಾನವದೇಹವು ತಾನಾಗಿ ತಯಾರಿಸಿಕೊಳ್ಳಲಾರದು. ಅವನ್ನು ಆಹಾರದಿಂದಲೇ ಪಡೆಯಬೇಕು. ಅಂತಹ ಅತ್ಯಾವಶ್ಯಕ ಅಮೈನೋ ಆಮ್ಲಗಳಲ್ಲಿ ಟ್ರಿಪ್ಟೊಫ್ಯಾನ್ ಒಂದು. ಸಾಮಾನ್ಯ ಪ್ರೋಟೀನುಗಳಲ್ಲಿ ಅದು ನೂರಕ್ಕೆ ಒಂದು ಪಾಲಿನಷ್ಟು ಮಾತ್ರ ಇರುತ್ತದೆ. ಆದುದರಿಂದ ಅದನ್ನು ಅತಿ ವಿರಳವಾದ ಅಮೈನೋ ಆಮ್ಲಗಳ ಸಾಲಿನಲ್ಲಿ ಎಣಿಸುವುದುಂಟು.

ಇದರ ಶೋಧನೆಯ ಕಥೆಯು ಶಿಕ್ಷಕರಿಗೆ ವಿಶೇಷವಾಗಿ ರುಚಿಸುವಂಥದು. ಪ್ರೋಟೀನಿಗೆ ಅಸೆಟಿಕ್ ಆಮ್ಲವನ್ನೂ ಪ್ರಬಲ ಗಂಧಕಾಮ್ಲವನ್ನೂ ಸೇರಿಸಿದಾಗ ನೇರಳೆ ಬಣ್ಣ ಮೂಡುವುದೆಂಬ ಪರೀಕ್ಷೆಯೊಂದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಬಳಕೆಯಲ್ಲಿತ್ತು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಫ್ರೆಡರಿಕ್ ಗೌಲ್ಯಾಂಡ್ ಹಾಪ್ಕಿನ್ಸರು ನಡೆಸುತ್ತಿದ್ದ ಪ್ರಾಯೋಗಿಕ ತರಗತಿಯಲ್ಲಿ ಆ ಬಣ್ಣ ಮೂಡಲಿಲ್ಲ. ಪಾಠ ಕೆಟ್ಟಿತೆಂದು ಅವರು ಕೈಚೆಲ್ಲಲಿಲ್ಲ, ಕಾರಣವನ್ನು ಹುಡುಕಿದರು. ಬಣ್ಣ ಮೂಡಲು ಬೇಕಾದುದು ಅಸೆಟಿಕ್ ಆಮ್ಲವಲ್ಲ, ಅದರಲ್ಲಿ ಕಲಬೆರಕೆಯಾಗಿ ಸೇರಿರುತ್ತಿದ್ದ ಗ್ಲಯಾಕ್ಸಿಲಿಕ್ ಆಮ್ಲವೆಂಬುದು ತಿಳಿದುಬಂದಿತು. ಅಶುದ್ಧವಾದ ಸೀಸೆಯಲ್ಲಿ ಪರೀಕ್ಷೆ ಗೆಲ್ಲುತ್ತಿತ್ತು, ಶುದ್ಧವಾದ ಸೀಸೆಯಲ್ಲಿ ಸೋಲುತ್ತಿತ್ತು. ಪ್ರೋಟೀನಿನ ಯಾವ ಭಾಗವು ಆ ಬಣ್ಣವನ್ನು ಕೊಡುತ್ತದೆಂಬ ಮುಂದಿನ ಪ್ರಶ್ನೆಯ ಬೆನ್ನು ಹತ್ತಿದ ಹಾಪ್ಕಿನ್ಸ್ ಮತ್ತು ಅವರ ಸಹೋದ್ಯೋಗಿ ಸಿಡ್ನಿ ಕೋಲ್ ೧೯೦೧ರಲ್ಲಿ ಹಾಲಿನ ಕೇಸಿನ್ ಪ್ರೋಟೀನಿನಿಂದ ಟ್ರಿಪ್ಟೊಫ್ಯಾನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು.

೧೯೦೬ರಲ್ಲಿ ಎಡಿತ್ ವಿಲ್ಕಾಕ್ ಅವರೊಡಗೂಡಿ ಹಾಪ್ಕಿನ್ಸ್ ಮತ್ತೊಂದು ಪ್ರಯೋಗವನ್ನು ಪ್ರಕಟಿಸಿದರು. ಗೋವಿನಜೋಳದ ಮುಖ್ಯ ಪ್ರೋಟೀನಾದ ಝೀನ್‌ನಲ್ಲಿ ಟ್ರಿಪ್ಟೊಫ್ಯಾನ್ ಇರುವುದಿಲ್ಲ. ಆ ಒಂದೇ ಪ್ರೋಟೀನನ್ನು ತಿನ್ನಿಸಿದ ಇಲಿಮರಿಗಳು ಬೇಗನೆ ಸತ್ತವು. ಅದೇ ಆಹಾರಕ್ಕೆ ಟ್ರಿಪ್ಟೊಫ್ಯಾನ್ ಬೆರೆಸಿದಾಗ ಅವು ಹೆಚ್ಚು ಕಾಲ ಬದುಕಿದವು. ಪ್ರೋಟೀನಿನ ತೂಕಕ್ಕಿಂತ ಅದರ ಗುಣವೇ ಹೆಚ್ಚೆಂಬ ಅರಿವಿಗೆ ಇದು ನಾಂದಿಯಾಯಿತು. ಪೌಷ್ಟಿಕತೆಯ ಕುರಿತ ತಮ್ಮ ಸಂಶೋಧನೆಗಾಗಿ ಹಾಪ್ಕಿನ್ಸರು ೧೯೨೯ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

೨. ಅನ್ನದಿಂದ ಮೆದುಳಿಗೆ

ದೇಹವನ್ನು ಸೇರಿದ ಟ್ರಿಪ್ಟೊಫ್ಯಾನ್ ಮೂರು ದಾರಿಗಳಲ್ಲಿ ವ್ಯಯವಾಗುತ್ತದೆ. ಒಂದು ಭಾಗ ಹೊಸ ಪ್ರೋಟೀನುಗಳ ರಚನೆಗೆ ಸಲ್ಲುತ್ತದೆ. ಉಳಿದುದರಲ್ಲಿ ಅತ್ಯಧಿಕ ಭಾಗವು ಮುಖ್ಯವಾಗಿ ಯಕೃತ್ತಿನಲ್ಲಿ ಒಡೆದು, ಕೈನ್ಯುರೆನಿನ್ ಎಂಬ ಪದಾರ್ಥದ ಮೂಲಕ ಸಾಗಿ, ಅದರ ಒಂದಂಶ ನಯಾಸಿನ್ ಎಂಬ ಬಿ ಗುಂಪಿನ ಜೀವಸತ್ವವಾಗಿ ಮಾರ್ಪಡುತ್ತದೆ. ಅತ್ಯಲ್ಪ ಭಾಗ ಮಾತ್ರ ಸೆರೊಟೋನಿನ್ ಎಂಬ ನರವಾಹಕವಾಗುತ್ತದೆ. ಪ್ರಮಾಣದಲ್ಲಿ ಕಿರಿದಾದರೂ ಪರಿಣಾಮದಲ್ಲಿ ಹಿರಿದಾದುದು ಈ ಮೂರನೆಯ ದಾರಿ.

ಸೆರೊಟೋನಿನ್ ಪದಾರ್ಥವನ್ನು ೧೯೪೮ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಮಾರಿಸ್ ರಾಪೋರ್ಟ್, ಆರ್ಡಾ ಗ್ರೀನ್ ಮತ್ತು ಇರ್ವಿನ್ ಪೇಜ್ ಅವರು ರಕ್ತದ ದ್ರವಭಾಗದಿಂದ ಬೇರ್ಪಡಿಸಿದರು. ರಕ್ತನಾಳಗಳನ್ನು ಸಂಕುಚಿತಗೊಳಿಸುವ ವಸ್ತುವೆಂದಷ್ಟೇ ಅದು ಮೊದಲು ಪರಿಚಿತವಾಯಿತು. ೧೯೫೩ರಲ್ಲಿ ಬೆಟ್ಟಿ ಟ್ವಾರಾಗ್ ಎಂಬ ವಿದುಷಿಯು ಪೇಜ್ ಅವರೊಡನೆ ಸೇರಿ, ಅದು ಸ್ತನಿಗಳ ಮೆದುಳಿನಲ್ಲಿಯೂ ಇದೆಯೆಂದು ತೋರಿಸಿದರು. ಟ್ರಿಪ್ಟೊಫ್ಯಾನ್ ಹೈಡ್ರಾಕ್ಸಿಲೇಸ್ ಎಂಬ ಕಿಣ್ವವು ಟ್ರಿಪ್ಟೊಫ್ಯಾನಿಗೆ ಆಮ್ಲಜನಕದ ಒಂದು ಅಂಶವನ್ನು ಜೋಡಿಸುತ್ತದೆ. ಮತ್ತೊಂದು ಕಿಣ್ವವು ಬಿ-೬ ಜೀವಸತ್ವದ ನೆರವಿನಿಂದ ಅದನ್ನು ಸೆರೊಟೋನಿನ್ ಆಗಿ ಪರಿವರ್ತಿಸುತ್ತದೆ. ದೇಹದ ಸೆರೊಟೋನಿನ್‌ನ ಬಹುಪಾಲು ಕರುಳಿನಲ್ಲಿರುತ್ತದೆ. ಅದು ಮೆದುಳನ್ನು ಪ್ರವೇಶಿಸಲಾರದು. ಮೆದುಳು ತನ್ನ ಸೆರೊಟೋನಿನ್ ಅನ್ನು ತಾನೇ ತಯಾರಿಸಿಕೊಳ್ಳಬೇಕು. ಅದಕ್ಕಾಗಿ ರಕ್ತದಿಂದ ಟ್ರಿಪ್ಟೊಫ್ಯಾನ್ ಬರಬೇಕು.

ಇಲ್ಲಿಯೇ ಒಂದು ಸ್ವಾರಸ್ಯವಿದೆ. ರಕ್ತ ಮತ್ತು ಮೆದುಳಿನ ನಡುವಣ ತಡೆಯನ್ನು ದಾಟಲು ಟ್ರಿಪ್ಟೊಫ್ಯಾನಿಗೆ ಪ್ರತ್ಯೇಕ ದಾರಿಯಿಲ್ಲ. ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್, ಟೈರೋಸಿನ್, ಫಿನೈಲ್‌ಅಲನೈನ್ ಮುಂತಾದ ಅಮೈನೋ ಆಮ್ಲಗಳೂ ಅದೇ ಬಾಗಿಲಿನಿಂದ ಒಳಹೋಗಬೇಕು. ಸಂತೆಯ ದಿನ ಊರ ಅಗಸೆಯಲ್ಲಿ ಚಕ್ಕಡಿಗಳು ಒತ್ತೊತ್ತಾಗಿ ನಿಂತಾಗ ಯಾರ ಚಕ್ಕಡಿಗಳು ಹೆಚ್ಚಿವೆಯೋ ಅವರದೇ ಸರಕು ಹೆಚ್ಚಾಗಿ ಒಳಸೇರುವಂತೆ, ಸಂಖ್ಯೆಯಲ್ಲಿ ಹೆಚ್ಚಿನವಾದ ಈ ಪ್ರತಿಸ್ಪರ್ಧಿಗಳು ವಿರಳವಾದ ಟ್ರಿಪ್ಟೊಫ್ಯಾನನ್ನು ಹಿಂದೆ ತಳ್ಳುತ್ತವೆ. ಆದುದರಿಂದ ಪ್ರೋಟೀನ್ ಸಮೃದ್ಧವಾದ ಊಟದ ನಂತರ ರಕ್ತದಲ್ಲಿ ಟ್ರಿಪ್ಟೊಫ್ಯಾನ್ ಹೆಚ್ಚಿದರೂ ಮೆದುಳಿನಲ್ಲಿ ಅದು ಹೆಚ್ಚದಿರಬಹುದು. ಇದಕ್ಕೆ ವ್ಯತಿರಿಕ್ತವಾಗಿ, ಹಿಟ್ಟು ಸಕ್ಕರೆಗಳ ಊಟದಿಂದ ರಕ್ತದಲ್ಲಿ ಇನ್ಸುಲಿನ್ ಏರಿದಾಗ ಪ್ರತಿಸ್ಪರ್ಧಿಗಳು ಸ್ನಾಯುಗಳತ್ತ ಸರಿದು, ಟ್ರಿಪ್ಟೊಫ್ಯಾನಿಗೆ ದಾರಿ ತೆರವಾಗುತ್ತದೆ. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಜಾನ್ ಫರ್ನ್‌ಸ್ಟ್ರಾಮ್ ಮತ್ತು ರಿಚರ್ಡ್ ವುರ್ಟ್‌ಮನ್ ೧೯೭೧ ಮತ್ತು ೧೯೭೨ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳಿಂದ ಈ ನಿಯಮವನ್ನು ಸ್ಥಾಪಿಸಿದರು. ಒಂದು ಹೊತ್ತಿನ ಊಟವು ಮೆದುಳಿನ ರಸಾಯನವನ್ನು ಬದಲಿಸಬಲ್ಲುದೆಂಬ ಸಂಗತಿ ಅಂದಿನ ವಿದ್ವಾಂಸರಿಗೂ ಅಚ್ಚರಿಯನ್ನು ತಂದಿತು.

೩. ನೋವಿನ ತೂಬು

ಕಾಲಿಗೆ ಮುಳ್ಳು ಚುಚ್ಚಿದಾಗ ನೋವಿನ ಸಂದೇಶವು ನರಗಳ ಮೂಲಕ ಬೆನ್ನುಹುರಿಯನ್ನು ತಲುಪಿ, ಅಲ್ಲಿಂದ ಮೆದುಳಿಗೆ ಏರುತ್ತದೆ. ಆದರೆ ದಾರಿ ಏಕಮುಖವಾದುದಲ್ಲ. ಮೆದುಳಿನಿಂದ ಬೆನ್ನುಹುರಿಯತ್ತ ಇಳಿದು ಬರುವ ನರತಂತುಗಳೂ ಇವೆ. ಕೆರೆಯ ತೂಬಿನ ಬಳಿ ನಿಂತ ನೀರುಗಂಟಿಯು ನೀರಿನ ಹರಿವನ್ನು ಹೆಚ್ಚಿಸಿ ತಗ್ಗಿಸುವಂತೆ, ಇವು ಮೇಲೇರುವ ನೋವಿನ ಸಂದೇಶವನ್ನು ನಿಯಂತ್ರಿಸುತ್ತವೆ. ಮೆದುಳಿನ ಕಾಂಡಭಾಗದಲ್ಲಿರುವ ರಾಫೆ ಎಂಬ ನರಕೋಶಗುಚ್ಛಗಳಿಂದ ಇಳಿಯುವ ಅನೇಕ ತಂತುಗಳು ಬಳಸುವ ನರವಾಹಕ ಸೆರೊಟೋನಿನ್.

ಈ ವ್ಯವಸ್ಥೆಯ ಸುಳಿವು ಹಲವು ದಿಕ್ಕುಗಳಿಂದ ದೊರೆಯಿತು. ೧೯೬೬ರಲ್ಲಿ ಕೋ ಮತ್ತು ವೈಸ್‌ಮನ್ ಎಂಬ ವಿಜ್ಞಾನಿಗಳು, ಪ್ಯಾರಾ-ಕ್ಲೋರೊಫಿನೈಲ್‌ಅಲನೈನ್ ಎಂಬ ರಾಸಾಯನಿಕವು ಟ್ರಿಪ್ಟೊಫ್ಯಾನ್ ಸೆರೊಟೋನಿನ್ ಆಗುವುದನ್ನು ತಡೆಯುತ್ತದೆಂದು ತೋರಿಸಿದರು. ಮರುವರ್ಷವೇ ಟೆನೆನ್ ಎಂಬವರು, ಈ ರಾಸಾಯನಿಕವನ್ನು ಪಡೆದ ಇಲಿಗಳು ಮೊದಲಿಗಿಂತ ಕ್ಷೀಣವಾದ ವಿದ್ಯುದಾಘಾತಕ್ಕೂ ಬೆಚ್ಚುತ್ತವೆಂದು ವರದಿ ಮಾಡಿದರು. ೧೯೬೯ರಲ್ಲಿ ರೆನಾಲ್ಡ್ಸ್ ಅವರು ಇಲಿಯ ನಡುಮೆದುಳಿನ ಒಂದು ನಿರ್ದಿಷ್ಟ ಭಾಗಕ್ಕೆ ಸೂಕ್ಷ್ಮ ವಿದ್ಯುತ್ತನ್ನು ಹಾಯಿಸಿ, ಅರಿವಳಿಕೆಯ ಔಷಧಿಯಿಲ್ಲದೆಯೇ ಉದರದ ಶಸ್ತ್ರಕ್ರಿಯೆ ನಡೆಸಲು ಸಾಧ್ಯವಾದುದನ್ನು ಪ್ರಕಟಿಸಿದರು. ೧೯೭೨ರಲ್ಲಿ ಹುದಾ ಅಕಿಲ್ ಮತ್ತು ಡೇವಿಡ್ ಮೇಯರ್, ಸೆರೊಟೋನಿನ್ ತಯಾರಿಕೆಯನ್ನು ತಡೆದಾಗ ಇಂತಹ ನೋವುಶಮನವೂ ಕುಂದುತ್ತದೆಂದು ತೋರಿಸಿದರು. ತೂಬಿನ ಕದವನ್ನು ಇಳಿಸುವ ಕೈಗಳಲ್ಲಿ ಸೆರೊಟೋನಿನ್ ಒಂದೆಂಬುದು ಹೀಗೆ ಖಚಿತವಾಯಿತು.

ಆದರೆ ಇವೆಲ್ಲ ಔಷಧಿಯ ಮತ್ತು ವಿದ್ಯುತ್ತಿನ ಪ್ರಯೋಗಗಳು. ಬರಿಯ ಆಹಾರದಿಂದಲೇ ಹೀಗಾಗುವುದೇ ಎಂಬ ಮೂಲಪ್ರಶ್ನೆಯನ್ನು ೧೯೭೫ರಲ್ಲಿ ಲಿಟ್ಲ್, ಮೆಸ್ಸಿಂಗ್ ಮತ್ತು ಅವರ ಸಂಗಡಿಗರು ಕೈಗೆತ್ತಿಕೊಂಡರು. ಟ್ರಿಪ್ಟೊಫ್ಯಾನ್ ಕೊರತೆಯುಳ್ಳ ಗೋವಿನಜೋಳದ ಆಹಾರವನ್ನೇ ದೀರ್ಘಕಾಲ ತಿಂದ ಇಲಿಗಳ ಮೆದುಳಿನಲ್ಲಿ ಸೆರೊಟೋನಿನ್ ಕುಗ್ಗಿತು. ವಿದ್ಯುದಾಘಾತಕ್ಕೆ ಅವುಗಳ ಸಂವೇದನೆ ಹೆಚ್ಚಿತು. ಅದೇ ಇಲಿಗಳಿಗೆ ಸಾಕಷ್ಟು ಉತ್ತಮ ಪ್ರೋಟೀನನ್ನು ತಿನ್ನಿಸಿದಾಗ, ಇಲ್ಲವೆ ಟ್ರಿಪ್ಟೊಫ್ಯಾನನ್ನು ಚುಚ್ಚಿದಾಗ, ಸಂವೇದನೆ ಮೊದಲಿನ ಸ್ಥಿತಿಗೆ ಮರಳಿತು. ಪೆಟ್ಟು ಒಂದೇ, ಚರ್ಮ ಒಂದೇ. ಉಂಡ ಧಾನ್ಯದ ಗುಣ ಬೇರೆಯಾದುದರಿಂದ ನೋವು ಬೇರೆಯಾಯಿತು. ಈ ಅಧ್ಯಯನದ ಹೃದಯಭಾಗವೇ ಇದು.

ಸೆರೊಟೋನಿನ್ ಸರ್ವತ್ರ ನೋವನ್ನು ಶಮನಗೊಳಿಸುತ್ತದೆಂದು ಮಾತ್ರ ಭಾವಿಸಬಾರದು. ಕಣಜದ ವಿಷದಲ್ಲಿಯೂ ತುರಿಕೆಗಿಡದ ರೋಮಗಳಲ್ಲಿಯೂ ಸೆರೊಟೋನಿನ್ ಇದೆ. ಚರ್ಮವನ್ನು ಹೊಕ್ಕಾಗ ಅದೇ ನೋವನ್ನು ಉಂಟುಮಾಡುತ್ತದೆ. ಬೆನ್ನುಹುರಿಯಲ್ಲಿಯೂ ಅದು ತಗುಲುವ ಗ್ರಾಹಕದ ಬಗೆಗನುಸಾರವಾಗಿ ಒಮ್ಮೆ ನೋವನ್ನು ತಗ್ಗಿಸಬಹುದು, ಒಮ್ಮೆ ಹೆಚ್ಚಿಸಬಹುದು. ೨೦೦೭ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೆದುಳಿನ ಸೆರೊಟೋನಿನ್ ನರಕೋಶಗಳೇ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಊತದಿಂದಾಗುವ ನೋವು ಹೆಚ್ಚಾಗಿ ಕಂಡಿತು. ಕ್ಷಣಿಕವಾದ ಬಿಸಿಯ ಸಂವೇದನೆಯಲ್ಲಿ ಮಾತ್ರ ವಿಶೇಷ ಅಂತರವಿರಲಿಲ್ಲ. ಒಂದೇ ವಸ್ತುವು ಸ್ಥಾನಭೇದದಿಂದ ಬೇರೆಬೇರೆ ಗುಣಗಳನ್ನು ತಾಳುವುದು ಪ್ರಕೃತಿಯಲ್ಲಿ ಸಹಜವೇ ಆಗಿದೆ.

೪. ಕೋಪದ ಕಡಿವಾಣ

ಆಕ್ರಮಣಶೀಲತೆ ಎಂಬ ಒಂದೇ ಪದದಲ್ಲಿ ಅನೇಕ ನಡತೆಗಳು ಅಡಗಿವೆ. ಬೆಕ್ಕು ಇಲಿಯನ್ನು ಹಿಡಿಯುವುದು ಬೇಟೆ. ಹುಂಜಗಳ ಕಾಳಗ ಮೇಲುಗೈಗಾಗಿ. ಮರಿಗಳನ್ನು ಕಾಯುವ ತಾಯಿಯ ಉಗ್ರತೆ ರಕ್ಷಣೆಗಾಗಿ. ಇವೆಲ್ಲಕ್ಕೂ ಒಂದೇ ಮೂಲವನ್ನು ಆರೋಪಿಸುವುದು ತರವಲ್ಲ. ಈ ಎಚ್ಚರದೊಡನೆ ಪ್ರಯೋಗಗಳನ್ನು ಅವಲೋಕಿಸಬೇಕು.

ಇಟಲಿಯ ಮಿಲಾನ್ ನಗರದಲ್ಲಿ ವಾಲ್ಜೆಲ್ಲಿ ಮತ್ತು ಗರಟ್ಟೀನಿಯವರು ೧೯೬೦ರ ದಶಕದಲ್ಲಿ ಗಂಡು ಇಲಿಗಳನ್ನು ವಾರಗಟ್ಟಲೆ ಒಂಟಿಯಾಗಿ ಇರಿಸಿ, ಅನಂತರ ಒಂದೆಡೆ ಸೇರಿಸಿದರು. ಒಂಟಿತನದಿಂದ ಅನೇಕ ಇಲಿಗಳು ತೀವ್ರ ಜಗಳಗಂಟಿಗಳಾದವು. ಅವುಗಳ ಮೆದುಳಿನಲ್ಲಿ ಸೆರೊಟೋನಿನ್ ತಯಾರಾಗಿ ವ್ಯಯವಾಗುವ ವೇಗವು ಕುಗ್ಗಿತ್ತು. ದೊಡ್ಡ ಇಲಿಗಳಲ್ಲಿ ಕೆಲವು ಚಿಕ್ಕ ಇಲಿಗಳನ್ನು ಕಂಡೊಡನೆ ಕೊಲ್ಲುತ್ತವೆ, ಉಳಿದವು ಸುಮ್ಮನಿರುತ್ತವೆ. ೧೯೭೯ರಲ್ಲಿ ಪ್ರಕಟವಾದ ಗಿಬ್ಬನ್ಸ್ ಮತ್ತು ಸಂಗಡಿಗರ ಪ್ರಯೋಗದಲ್ಲಿ, ಆಹಾರದಿಂದ ಟ್ರಿಪ್ಟೊಫ್ಯಾನನ್ನು ತೆಗೆದಾಗ ಇಂತಹ ಕೊಲೆಗಾರ ನಡತೆ ಹೆಚ್ಚಿತು. ಅದನ್ನು ಹೆಚ್ಚಾಗಿ ಕೊಟ್ಟಾಗ ತಗ್ಗಿತು.

ಇಲಿಗಳಿಂದ ಆರಂಭವಾದ ಈ ಶೋಧವು ಕ್ರಮೇಣ ಇತರ ಜೀವಿಗಳಿಗೂ ವಿಸ್ತರಿಸಿತು. ೧೯೯೦ರಲ್ಲಿ ಅಮೆರಿಕದ ವಿಜ್ಞಾನಿಗಳು ಸಾಕುಹುಂಜಗಳ ಆಹಾರದಲ್ಲಿ ಟ್ರಿಪ್ಟೊಫ್ಯಾನನ್ನು ಹೆಚ್ಚಿಸಿದಾಗ ಅವುಗಳ ಕಾದಾಟ ಕಡಿಮೆಯಾದುದನ್ನು ಕಂಡರು. ಒಂದರ ಗರಿಯನ್ನು ಇನ್ನೊಂದು ಕುಕ್ಕಿ ಕೀಳುವುದು ಕೋಳಿಸಾಕಣೆಯ ದೊಡ್ಡ ಪಿಡುಗು. ೧೯೯೯ರ ಅಧ್ಯಯನವೊಂದರಲ್ಲಿ ಅದೂ ಇದೇ ಉಪಾಯದಿಂದ ತಗ್ಗಿತು. ಸ್ವೀಡನ್ನಿನ ವಿನ್‌ಬರ್ಗ್ ಮತ್ತು ಸಂಗಡಿಗರು ೨೦೦೧ರಲ್ಲಿ ಕಾಮನಬಿಲ್ಲು ಟ್ರೌಟ್ ಎಂಬ ಮೀನುಗಳನ್ನು ಪರೀಕ್ಷಿಸಿದರು. ಮೂರು ದಿನಗಳ ಟ್ರಿಪ್ಟೊಫ್ಯಾನ್ ಆಹಾರದಿಂದ ಏನೂ ಆಗಲಿಲ್ಲ. ಏಳು ದಿನಗಳ ಆಹಾರದಿಂದ ಆಕ್ರಮಣವು ಗಮನಾರ್ಹವಾಗಿ ಇಳಿಯಿತು. ನಡತೆಯು ತುತ್ತು ನುಂಗಿದೊಡನೆ ಬದಲಾಗುವುದಿಲ್ಲವೆಂಬುದಕ್ಕೆ ಇದು ನಿದರ್ಶನ. ೨೦೦೦ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ೩೩ ನಾಯಿಗಳಿಗೆ ಸರದಿಯಂತೆ ನಾಲ್ಕು ಬಗೆಯ ಆಹಾರವನ್ನು ಒಂದೊಂದು ವಾರ ನೀಡಲಾಯಿತು. ತನ್ನ ನೆಲೆಯನ್ನು ಕಾಯಲು ಮೇಲೆರಗುವ ನಾಯಿಗಳಲ್ಲಿ, ಕಡಿಮೆ ಪ್ರೋಟೀನಿನ ಆಹಾರಕ್ಕೆ ಟ್ರಿಪ್ಟೊಫ್ಯಾನ್ ಸೇರಿಸಿದಾಗ ಉಗ್ರತೆ ಇಳಿಯಿತು. ಅಗಸೆಯ ಚಕ್ಕಡಿಗಳ ದೃಷ್ಟಾಂತವನ್ನು ನೆನೆದರೆ ಇದರ ಕಾರಣ ಸ್ಪಷ್ಟವಾಗುತ್ತದೆ: ಪ್ರತಿಸ್ಪರ್ಧಿಗಳು ಕಡಿಮೆಯಾದಾಗಲೇ ಟ್ರಿಪ್ಟೊಫ್ಯಾನ್ ಮೆದುಳನ್ನು ಸುಲಭವಾಗಿ ಸೇರಬಲ್ಲುದು.

ಎಲ್ಲಕ್ಕಿಂತ ಮನೋಜ್ಞವಾದ ಸಾಕ್ಷ್ಯ ಕಪಿಗಳಿಂದ ದೊರೆತುದು. ಕ್ಯಾಲಿಫೋರ್ನಿಯಾದ ಮೈಕೇಲ್ ರಾಲೆ, ಮೈಕೇಲ್ ಮೆಗ್ವೈರ್ ಮತ್ತು ಸಂಗಡಿಗರು ೧೯೯೧ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವರ್ವೆಟ್ ಜಾತಿಯ ಕಪಿಗಳ ೧೨ ಗುಂಪುಗಳಿದ್ದವು. ಪ್ರತಿಯೊಂದು ಗುಂಪಿನಿಂದ ಮುಖಂಡನಾದ ಗಂಡುಕಪಿಯನ್ನು ಬೇರ್ಪಡಿಸಿ, ಉಳಿದ ಎರಡು ಗಂಡುಗಳಲ್ಲಿ ಒಂದಕ್ಕೆ ಸೆರೊಟೋನಿನ್ ಪ್ರಭಾವವನ್ನು ಹೆಚ್ಚಿಸುವ ಟ್ರಿಪ್ಟೊಫ್ಯಾನ್ ಅಥವಾ ಬೇರೊಂದು ಔಷಧಿಯನ್ನು ಕೊಡಲಾಯಿತು. ಅದನ್ನು ಪಡೆದ ಕಪಿಯೇ ಮುಖಂಡನಾಯಿತು. ಆ ಪ್ರಭಾವವನ್ನು ಕುಗ್ಗಿಸುವ ಔಷಧಿಯನ್ನು ಪಡೆದ ಕಪಿ ಕೆಳಗಿನ ಸ್ಥಾನಕ್ಕೆ ಇಳಿಯಿತು. ಮುಖಂಡತ್ವ ದೊರೆತುದು ಕಚ್ಚಾಟದ ಬಲದಿಂದಲ್ಲ. ಹೆಣ್ಣುಕಪಿಗಳ ಬಳಿ ಕುಳಿತು, ಅವುಗಳ ಮೈಯನ್ನು ಸವರಿ, ಅವುಗಳ ಬೆಂಬಲವನ್ನು ಗಳಿಸಿದುದರಿಂದ. ದಕ್ಷಿಣ ಕೆರೊಲಿನಾದ ಮಾರ್ಗನ್ ದ್ವೀಪದಲ್ಲಿ ಸ್ವಚ್ಛಂದವಾಗಿ ಬದುಕುವ ರೀಸಸ್ ಕಪಿಗಳನ್ನು ಕುರಿತು ಡೀ ಹಿಗ್ಲಿ ಮತ್ತು ಸಂಗಡಿಗರು ೧೯೯೦ರ ದಶಕದಲ್ಲಿ ನಡೆಸಿದ ಅಧ್ಯಯನಗಳೂ ಇದಕ್ಕೆ ಪೂರಕವಾಗಿವೆ. ಮೆದುಳು ಬಳ್ಳಿಯ ದ್ರವದಲ್ಲಿ ಸೆರೊಟೋನಿನ್‌ನ ಶೇಷವಸ್ತು ಕಡಿಮೆಯಿದ್ದ ಎಳೆಯ ಗಂಡುಕಪಿಗಳು ಮರದಿಂದ ಮರಕ್ಕೆ ಅಪಾಯಕರ ದೂರ ಜಿಗಿಯುತ್ತಿದ್ದವು, ತಮಗಿಂತ ಬಲಿಷ್ಠರ ಮೇಲೆ ಎರಗುತ್ತಿದ್ದವು, ಮತ್ತು ಹೆಚ್ಚಾಗಿ ಎಳೆಯ ವಯಸ್ಸಿನಲ್ಲಿಯೇ ಸಾಯುತ್ತಿದ್ದವು. ಅವುಗಳಲ್ಲಿ ಕುಂದಿದುದು ಶೌರ್ಯವಲ್ಲ, ನಿಲ್ಲಬೇಕಾದೆಡೆ ನಿಲ್ಲುವ ಶಕ್ತಿ. ಸೆರೊಟೋನಿನ್ ಕೋಪವನ್ನು ಅಳಿಸುವ ವಸ್ತುವಲ್ಲ, ಕೋಪಕ್ಕೆ ಹಾಕಿದ ಕಡಿವಾಣವೆಂಬ ಮಾತು ಇಲ್ಲಿ ಅರ್ಥಪೂರ್ಣವಾಗುತ್ತದೆ.

೨೦೦೩ರಲ್ಲಿ ಮೆದುಳಿಗೇ ಪ್ರತ್ಯೇಕವಾದ ಟ್ರಿಪ್ಟೊಫ್ಯಾನ್ ಹೈಡ್ರಾಕ್ಸಿಲೇಸ್ ಕಿಣ್ವವೊಂದಿದೆಯೆಂದು ಬರ್ಲಿನ್ ನಗರದ ಸಂಶೋಧಕರು ತೋರಿಸಿದರು. ಆ ಕಿಣ್ವದ ವಂಶವಾಹಿಯನ್ನು ತೆಗೆದುಹಾಕಿದ ಇಲಿಗಳು ತೀವ್ರ ಆಕ್ರಮಣಶೀಲವಾಗಿದ್ದುದು ೨೦೧೨ರಲ್ಲಿ ಪ್ರಕಟವಾಯಿತು.

೫. ಸಾಕ್ಷ್ಯದ ಇನ್ನೊಂದು ಮುಖ

ವಿಜ್ಞಾನದ ಪಾಠವು ಅನುಕೂಲವಾದ ಸಾಕ್ಷ್ಯಗಳನ್ನಷ್ಟೇ ಆಯ್ದುಕೊಂಡರೆ ಅದು ಪಾಠವಾಗದೆ ಪ್ರಚಾರವಾಗುತ್ತದೆ. ಹಾರ್ವರ್ಡ್‌ನ ಎಡ್ವರ್ಡ್ ಕ್ರಾವಿಟ್ಜ್ ಮತ್ತು ಸಂಗಡಿಗರು ೧೯೯೭ರಲ್ಲಿ, ಸೋತು ಹಿಂಜರಿಯುತ್ತಿದ್ದ ಸಿಹಿನೀರಿನ ಕ್ರೇಫಿಶ್‌ಗಳಿಗೆ ಸೆರೊಟೋನಿನ್ ನೀಡಿದಾಗ ಅವು ಬಲಿಷ್ಠ ಎದುರಾಳಿಯೊಡನೆ ಮತ್ತೆ ಕಾದಾಟಕ್ಕಿಳಿದುದನ್ನು ತೋರಿಸಿದರು. ಸ್ತನಿಗಳಲ್ಲಿ ಕಡಿವಾಣವಾದುದು ಚಿಪ್ಪುಪ್ರಾಣಿಗಳಲ್ಲಿ ಚಾಟಿಯಾಯಿತು.

ಭಾರತದ ಸರ್ಪಗಂಧದ ಇತಿಹಾಸವೂ ಇಂತಹದೇ ಒಗಟನ್ನು ಮುಂದಿಡುತ್ತದೆ. ೧೯೩೧ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು ಈ ಬೇರನ್ನು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಬಳಸಿದುದನ್ನು ಪ್ರಕಟಿಸಿದರು. ಅದರಿಂದ ದೊರೆತ ರಿಸರ್ಪಿನ್ ಮೆದುಳಿನ ಸೆರೊಟೋನಿನ್ ಸಂಗ್ರಹವನ್ನು ಬರಿದುಮಾಡುತ್ತದೆಂದು ೧೯೫೫ರಲ್ಲಿ ತಿಳಿದುಬಂದಿತು. ಆದರೂ ಅದನ್ನು ಪಡೆದ ಪ್ರಾಣಿ ಉಗ್ರವಾಗುವುದಿಲ್ಲ, ಶಾಂತವಾಗುತ್ತದೆ. ಏಕೆಂದರೆ ಆ ಔಷಧಿಯು ಸೆರೊಟೋನಿನ್ ಒಂದನ್ನೇ ಅಲ್ಲದೆ ಇತರ ನರವಾಹಕಗಳನ್ನೂ ಬರಿದುಮಾಡುತ್ತದೆ. ಮೆದುಳು ಏಕತಾರಿಯಲ್ಲ, ಒಂದು ತಂತಿಯನ್ನು ಮೀಟಿ ಇಡೀ ರಾಗವನ್ನು ನಿರ್ಣಯಿಸಲಾಗದು.

೬. ಜೋಳದ ನಾಡಿನ ಪ್ರಶ್ನೆ

ಈ ಶೋಧಕ್ಕೂ ದಕ್ಷಿಣ ಭಾರತದ ಪ್ರಸ್ಥಭೂಮಿಗೂ ನೇರವಾದ ಸಂಬಂಧವೊಂದಿದೆ. ಬಿಸಿಲು ತಗುಲಿದ ಚರ್ಮ ಕಪ್ಪಿಟ್ಟು ಸಿಪ್ಪೆಯೇಳುವುದು, ಭೇದಿ, ನಿದ್ರಾಹೀನತೆ, ಖಿನ್ನತೆ, ಕೊನೆಗೆ ಬುದ್ಧಿಭ್ರಮಣೆ - ಇವು ಪೆಲ್ಲಾಗ್ರ ಎಂಬ ರೋಗದ ಲಕ್ಷಣಗಳು. ಗೋವಿನಜೋಳವನ್ನೇ ನಂಬಿದ ಯೂರೋಪ್ ಮತ್ತು ಅಮೆರಿಕದ ಬಡಜನರಲ್ಲಿ ಅದು ವ್ಯಾಪಕವಾಗಿತ್ತು. ಅದು ಅಂಟುರೋಗವಲ್ಲ, ಆಹಾರದ ಕೊರತೆಯಿಂದ ಬರುವುದೆಂದು ಜೋಸೆಫ್ ಗೋಲ್ಡ್‌ಬರ್ಗರ್ ೧೯೧೪ರಿಂದ ಮುಂದೆ ನಡೆಸಿದ ಪರಿಶ್ರಮದಿಂದ ತೋರಿಸಿದರು. ೧೯೩೭ರಲ್ಲಿ ಎಲ್ವೆಜೆಮ್ ಅವರು ನಾಯಿಗಳ ತತ್ಸಮಾನ ರೋಗವಾದ ಕಪ್ಪುನಾಲಿಗೆಗೆ ನಯಾಸಿನ್ ಮದ್ದೆಂದು ಕಂಡುಕೊಂಡರು. ದೇಹವು ಟ್ರಿಪ್ಟೊಫ್ಯಾನಿನಿಂದ ನಯಾಸಿನ್ ತಯಾರಿಸಿಕೊಳ್ಳಬಲ್ಲುದೆಂಬುದು ಅನಂತರ ತಿಳಿಯಿತು. ಸುಮಾರು ೬೦ ಮಿಲಿಗ್ರಾಂ ಟ್ರಿಪ್ಟೊಫ್ಯಾನ್ ಒಂದು ಮಿಲಿಗ್ರಾಂ ನಯಾಸಿನ್‌ಗೆ ಸಮನೆಂದು ಲೆಕ್ಕ ಹಾಕಲಾಗಿದೆ.

ದಖ್ಖನ್ನಿನ ಬಿಳಿಜೋಳದಲ್ಲಿ ಟ್ರಿಪ್ಟೊಫ್ಯಾನ್ ಗೋವಿನಜೋಳದಷ್ಟು ಕಡಿಮೆಯಿಲ್ಲ. ಆದರೂ ಜೋಳವನ್ನೇ ಬಹುವಾಗಿ ಅವಲಂಬಿಸಿದ ಬಡವರಲ್ಲಿ ಪೆಲ್ಲಾಗ್ರ ಕಾಣಿಸಿಕೊಳ್ಳುತ್ತಿತ್ತು. ಹೈದರಾಬಾದಿನ ಪೌಷ್ಟಿಕತಾ ಸಂಶೋಧನಾಲಯದಲ್ಲಿ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಅವರು ೧೯೬೦ರಲ್ಲಿ ಇದಕ್ಕೊಂದು ವಿವರಣೆಯನ್ನು ಮುಂದಿಟ್ಟರು: ಜೋಳದಲ್ಲಿ ಲ್ಯೂಸಿನ್ ಅತಿಯಾಗಿದ್ದು, ಆ ಅಸಮತೋಲನವೇ ರೋಗಕ್ಕೆ ಎಡೆಮಾಡಿಕೊಡುತ್ತದೆ. ೧೯೬೯ರಲ್ಲಿ ಗೋಪಾಲನ್, ಭವಾನಿ ಬೆಳವಾಡಿ ಮತ್ತು ಕೃಷ್ಣಮೂರ್ತಿ ಅವರು ನಾಯಿಗಳಲ್ಲಿ ಲ್ಯೂಸಿನ್‌ನ ಪಾತ್ರವನ್ನು ಕುರಿತು ಬರೆದರು. ಎಲ್ಲ ದೇಶಗಳ ವಿದ್ವಾಂಸರೂ ಈ ವಾದವನ್ನು ಪೂರ್ಣವಾಗಿ ಒಪ್ಪಲಿಲ್ಲ. ಆದರೂ ಪೋಷಕಾಂಶಗಳ ಪ್ರಮಾಣದಷ್ಟೇ ಅವುಗಳ ಸಮತೋಲನವೂ ಮುಖ್ಯವೆಂಬ ತತ್ತ್ವವನ್ನು ಅದು ಎತ್ತಿ ತೋರಿಸಿತು. ಪೆಲ್ಲಾಗ್ರ ರೋಗಿಗಳ ಮಾನಸಿಕ ಲಕ್ಷಣಗಳನ್ನೂ ಮೆದುಳಿನ ವಿದ್ಯುತ್ ಅಲೆಗಳ ಬದಲಾವಣೆಗಳನ್ನೂ ಇದೇ ಸಂಸ್ಥೆಯ ವೈದ್ಯರು ೧೯೬೮ರಲ್ಲಿ ವರ್ಣಿಸಿದರು.

ಇದರಿಂದ ಜೋಳದ ರೊಟ್ಟಿ ಕೆಟ್ಟದೆಂಬ ನಿರ್ಣಯಕ್ಕೆ ಬರುವುದು ಅವಿವೇಕ. ಶತಮಾನಗಳಿಂದ ದುಡಿವ ಜನರ ತೋಳಿಗೆ ಬಲ ನೀಡಿದ ಧಾನ್ಯವದು. ಅಪಾಯವಿದ್ದುದು ರೊಟ್ಟಿಯಲ್ಲಲ್ಲ, ರೊಟ್ಟಿಯ ಜೊತೆಗೆ ಏನೂ ಇಲ್ಲದ ಬಡತನದಲ್ಲಿ. ತೊಗರಿಬೇಳೆ, ಹೆಸರು, ಕಡಲೆ, ಶೇಂಗಾ, ಎಳ್ಳು, ಹಾಲು, ಮಜ್ಜಿಗೆ - ಇವುಗಳಲ್ಲಿ ಒಂದೆರಡು ಜೊತೆಗೂಡಿದರೂ ಊಟದ ಪ್ರೋಟೀನು ಸಮತೋಲನವನ್ನು ಪಡೆಯುತ್ತದೆ. ರೊಟ್ಟಿಯೊಡನೆ ಕಾಳುಪಲ್ಯವನ್ನೂ ಶೇಂಗಾ ಚಟ್ನಿಯನ್ನೂ ಬಡಿಸಿದ ಹಿಂದಿನ ತಾಯಂದಿರು ಅಮೈನೋ ಆಮ್ಲಗಳ ಹೆಸರನ್ನು ಕೇಳಿದವರಲ್ಲ. ಅನುಭವವು ಅವರಿಗೆ ಅದೇ ಪಾಠವನ್ನು ಕಲಿಸಿತ್ತು.

೭. ಮಾತ್ರೆಯ ಮೋಹ

ಟ್ರಿಪ್ಟೊಫ್ಯಾನ್ ನೋವನ್ನೂ ಕೋಪವನ್ನೂ ತಗ್ಗಿಸುವುದಾದರೆ ಅದನ್ನು ಮಾತ್ರೆಯಾಗಿ ನುಂಗಬಾರದೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಅಮೆರಿಕದಲ್ಲಿ ೧೯೮೦ರ ದಶಕದಲ್ಲಿ ನಿದ್ರೆಗಾಗಿ, ಬೇಸರ ಕಳೆಯುವುದಕ್ಕಾಗಿ ಅನೇಕರು ಹೀಗೆಯೇ ಮಾಡಿದರು. ೧೯೮೯ರಲ್ಲಿ ತೀವ್ರ ಸ್ನಾಯುನೋವು ಮತ್ತು ರಕ್ತಕಣಗಳ ವಿಕೃತಿಯಿಂದ ಕೂಡಿದ ಹೊಸ ರೋಗವೊಂದು ಅವರಲ್ಲಿ ಕಾಣಿಸಿಕೊಂಡಿತು. ೧,೫೦೦ಕ್ಕೂ ಹೆಚ್ಚು ಜನರು ಪೀಡಿತರಾದರು. ಸುಮಾರು ನಲವತ್ತು ಜನರು ಅಸುನೀಗಿದರು. ಒಂದು ಕಾರ್ಖಾನೆಯ ಸರಕಿನಲ್ಲಿ ಸೇರಿದ್ದ ಕಲ್ಮಶಗಳತ್ತ ತನಿಖೆಯು ಬೆರಳು ತೋರಿತು. ನೋವನ್ನು ಕಳೆಯಬೇಕಾದುದೇ ಅಸಹನೀಯ ನೋವನ್ನು ತಂದಿತು. ವಿಶ್ವ ಆರೋಗ್ಯ ಸಂಸ್ಥೆಯ ೨೦೦೭ರ ಅಂದಾಜಿನಂತೆ ವಯಸ್ಕನಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ೪ ಮಿಲಿಗ್ರಾಂ ಟ್ರಿಪ್ಟೊಫ್ಯಾನ್ ಸಾಕು. ಎಂದರೆ ೬೦ ಕಿಲೋಗ್ರಾಂ ತೂಕದವನಿಗೆ ೨೪೦ ಮಿಲಿಗ್ರಾಂ. ಹೊಟ್ಟೆತುಂಬ ದೊರೆಯುವ ಮಿಶ್ರಾಹಾರದಲ್ಲಿ ಇಷ್ಟು ತಾನಾಗಿಯೇ ದೊರೆಯುತ್ತದೆ. ವೈದ್ಯರ ಸಲಹೆಯಿಲ್ಲದೆ ಮಾತ್ರೆಗೆ ಕೈಚಾಚುವುದು ಸಲ್ಲದು.

ಉಪಸಂಹಾರ

ಇಲಿಯ ಮೇಲಿನ ಪ್ರಯೋಗವನ್ನು ಮನುಷ್ಯನ ಮೇಲೆ ಯಥಾವತ್ತಾಗಿ ಆರೋಪಿಸಲಾಗದು. ತರಗತಿಯಲ್ಲಿ ಜಗಳವಾಡುವ ಬಾಲಕನ ನಡತೆಗೆ ಮನೆಯ ಕಲಹ, ನಿದ್ರೆಯ ಕೊರತೆ, ಪಾಠದ ಕಷ್ಟ, ಗೆಳೆಯರ ಅವಹೇಳನ ಮುಂತಾಗಿ ನೂರು ಕಾರಣಗಳಿರಬಹುದು. ಎಲ್ಲವನ್ನೂ ಒಂದು ಅಮೈನೋ ಆಮ್ಲದ ತಲೆಗೆ ಕಟ್ಟುವುದು ವಿ​ಜ್ಞಾನವಲ್ಲ. ಆದರೆ ಹಾಗೆಯೇ, ಎಲ್ಲವನ್ನೂ ಹುಡುಗನ ದುಷ್ಟತನದ ತಲೆಗೆ ಕಟ್ಟುವುದೂ ವಿವೇಕವಲ್ಲ. ಪೆಟ್ಟಿನ ನೋವು ಎಲ್ಲ ದೇಹಗಳಿಗೂ ಒಂದೇ ಸಮನಾಗಿ ತಾಗುವುದಿಲ್ಲವೆಂಬುದನ್ನು ಗೋವಿನಜೋಳ ತಿಂದ ಇಲಿಗಳು ತೋರಿಸಿಕೊಟ್ಟಿವೆ. ಬೆತ್ತವನ್ನು ಎತ್ತುವ ಮೊದಲು, ಈ ಮಗು ಬೆಳಗ್ಗೆ ಏನು ಉಂಡು ಬಂದಿದೆ ಎಂದು ಕೇಳುವ ಶಿಕ್ಷಕನು ಶಿಸ್ತನ್ನು ಸಡಿಲಿಸಿದವನಲ್ಲ, ಸತ್ಯಕ್ಕೆ ಹತ್ತಿರವಾದವನು.

ಈ ಜ್ಞಾನವು ಮೂಕಪ್ರಾಣಿಗಳ ಸಂಕಟದ ಬೆಲೆಯನ್ನು ತೆತ್ತು ದೊರೆತುದೆಂಬುದನ್ನೂ ಮರೆಯಬಾರದು. ಪ್ರಯೋಗಗಳಲ್ಲಿ ಪ್ರಾಣಿಗಳಿಗೆ ಅನಗತ್ಯ ನೋವಾಗಬಾರದೆಂಬ ನಿಯಮವನ್ನು ಭಾರತವು ೧೯೬೦ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಲ್ಲಿ ಸೇರಿಸಿತು. ಜೀವಕಾರುಣ್ಯವನ್ನು ಶರಣರು ಧರ್ಮದಿಂದ ಬೇರ್ಪಡಿಸಿ ನೋಡಿದವರಲ್ಲ. ಪ್ರಯೋಗಶಾಲೆಯೂ ಆ ದೃಷ್ಟಿಯಿಂದ ಹೊರತಲ್ಲ.

ಮಠಗಳ ದಾಸೋಹದಲ್ಲಿ ಬಂದವರ ಕುಲವನ್ನು ಕೇಳದೆ ಅನ್ನವಿಕ್ಕುವ ಸಂಪ್ರದಾಯವನ್ನು ಲೋಕವು ಪುಣ್ಯಕಾರ್ಯವೆಂದು ಕೊಂಡಾಡುತ್ತದೆ. ವಿಜ್ಞಾನದ ಕಣ್ಣಿನಿಂದ ನೋಡಿದಾಗ ಅದಕ್ಕೆ ಇನ್ನೊಂದು ಅರ್ಥವೂ ಒದಗುತ್ತದೆ. ಪ್ರಸಾದನಿಲಯದ ತಟ್ಟೆಯಲ್ಲಿ ರೊಟ್ಟಿಯ ಬದಿಗೆ ಬೀಳುವ ಒಂದು ಸೌಟು ಬೇಳೆ, ಒಂದು ಹಿಡಿ ಕಾಳು, ಒಂದು ಲೋಟ ಮಜ್ಜಿಗೆ ಬರಿಯ ರುಚಿಗಾಗಿ ಬಂದುದಲ್ಲ. ಧಾನ್ಯದ ಚೀಲದೊಡನೆ ಬೇಳೆಯ ಚೀಲವನ್ನೂ ಕಳುಹಿಸುವ ದಾನಿಯು, ತಾನು ಎಂದೂ ಕಾಣದ ಮಗುವೊಂದರ ಮೈಗೆ ಬಲವನ್ನೂ ಮನಸ್ಸಿಗೆ ಸಮಾಧಾನವನ್ನೂ ಕಳುಹಿಸುತ್ತಿದ್ದಾನೆ.